ಬರ್ಫ್ ಬಂಗಲೆಯ ಹೊಗೆ

ಹುಕ್ಕೇರಿ ತಾಲ್ಲೂಕಿನಲ್ಲಿ ಹಿಮ ಬಿದ್ದದ್ದನ್ನು ಕಂಡವರು ಯಾರೂ ಇಲ್ಲ. ಆದರೂ ಹಿಡಕಲ್ ಜಲಾಶಯದ ಹಿನ್ನೀರಿಗೆ ಮುಖಮಾಡಿದ ಒಂದು ಕುರುಚಲು ಗುಡ್ಡದ ನೆತ್ತಿಯ ಮೇಲೆ, ಬಿದ್ದ ಹಿಮ ಜಾರಿಹೋಗಲೆಂದು ಕಡಿದಾದ ಮಾಡು ಹೊತ್ತುಕೊಂಡು ಒಂದು ಬಂಗಲೆ ಐವತ್ತು ವರ್ಷಗಳಿಂದ ಸನ್ನದ್ಧವಾಗಿ ನಿಂತಿದೆ. ಸುತ್ತಲಿನ ಹಳ್ಳಿಯವರು ಅದಕ್ಕೆ ಬರ್ಫ್ ಬಂಗಲೆ ಎನ್ನುತ್ತಾರೆ. ಅದರ ಬೀಗದ ಕೈ ಕಾವಲುಗಾರ ಖಂಡೆಪ್ಪನ ಉಡದಾರದಲ್ಲಿದೆ. ಸ್ನಾನ ಮಾಡುವಾಗಲೂ ಅದು ಅಲ್ಲೇ ಇರುತ್ತದೆ. ಖಂಡೆಪ್ಪನ ಹೆಂಡತಿ ಸಾವಿತ್ರವ್ವ ಹೇಳುವ ಪ್ರಕಾರ, ಮದುವೆಯ ಮಂಟಪದಲ್ಲಿ ಅವಳ ಕೈ ಹಿಡಿಯುವ ಮೊದಲೂ ಅವನ ಕೈ ಒಮ್ಮೆ ಸೊಂಟ ಮುಟ್ಟಿ ನೋಡಿಕೊಂಡಿತ್ತು.

ಬಂಗಲೆ ಇಲ್ಲಿಗೆ ಬಂದ ಕಥೆ ಹೀಗಿದೆ. ಆಣೆಕಟ್ಟಿನ ಕೆಲಸ ನಡೆದಿದ್ದ ಕಾಲದಲ್ಲಿ ಒಬ್ಬ ಎಂಜಿನಿಯರ್ ಸಾಹೇಬರು ಬಂದಿದ್ದರಂತೆ. ಅವರ ಹೆಸರು ಈಗ ಯಾರಿಗೂ ನೆನಪಿಲ್ಲ, ಟೊಪ್ಪಿಗೆ ಎಲ್ಲರಿಗೂ ನೆನಪಿದೆ. ತರಬೇತಿಗೆಂದು ಹಿಮಾಲಯದ ಕಡೆ ಹೋಗಿ, ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವವರ ವಸತಿಗೃಹವೊಂದರಲ್ಲಿ ಎಂಟು ದಿನ ಇದ್ದು ಬಂದವರು. ಅವರು ಜಾರಿದರೋ ಇಲ್ಲವೋ ಗೊತ್ತಿಲ್ಲ, ಮನಸ್ಸನ್ನಂತೂ ಅಲ್ಲೇ ಬಿಟ್ಟು ಬಂದಿದ್ದರು. ತಪಾಸಣೆಗೆ ಬರುವ ಅಧಿಕಾರಿಗಳು ಇಳಿದುಕೊಳ್ಳಲು ಗುಡ್ಡದ ಮೇಲೊಂದು ಬಂಗಲೆ ಬೇಕೆಂಬ ಮಾತು ಬಂದಾಗ, ಆ ವಸತಿಗೃಹವನ್ನೇ ನೆನಪಿನಿಂದ ಕಾಗದಕ್ಕಿಳಿಸಿ ಕಟ್ಟಿಸಿದರು. ಕಡಿದಾದ ಹೆಂಚಿನ ಮಾಡು, ಅದರ ಕೆಳಗೆ ಆಳೆತ್ತರದ ಅಟ್ಟ, ನಡುಮನೆಯ ಗೋಡೆಯಲ್ಲಿ ಒಂದು ಎಮ್ಮೆ ಮಲಗಬಹುದಾದಷ್ಟು ದೊಡ್ಡ ಒಲೆ, ಅದಕ್ಕೊಂದು ಚಿಮಣಿ, ಬಾಗಿಲ ಪಕ್ಕದಲ್ಲಿ ಜಾರುಪಟ್ಟಿಗಳನ್ನು ಒರಗಿಸಿಡಲು ಸಾಲುಸಾಲು ಗೂಟಗಳಿದ್ದ ಒಂದು ಖೋಲಿ.

ಅಲ್ಲಿ ಕಲ್ಲು ಹೊರುತ್ತಿದ್ದ ಖಂಡೆಪ್ಪನ ಅಪ್ಪ ಮಾಲಿಂಗ ಒಂದು ದಿನ ಧೈರ್ಯ ಮಾಡಿ ಕೇಳಿದನಂತೆ.

“ಸಾಹೇಬ್ರ, ಇಲ್ಲಿ ಬರ್ಫ್ ಬೀಳೂದಿಲ್ಲಲ್ರಿ?”

ಸಾಹೇಬರು ಟೊಪ್ಪಿಗೆ ಸರಿಮಾಡಿಕೊಂಡರಂತೆ. “ಕಟ್ಟೋದು ನನ್ನ ಕೆಲಸ, ಕಟ್ಟೇನಿ. ಬೀಳೋದು ಅದರ ಕೆಲಸ.”

ಅದು ತನ್ನ ಕೆಲಸ ಮಾಡಲಿಲ್ಲ. ಆದರೆ ಅಧಿಕಾರಿಗಳು ಬರುತ್ತಿದ್ದರು, ಉಳಿಯುತ್ತಿದ್ದರು. ಮಾಲಿಂಗ ಕಲ್ಲು ಹೊರುವವನಿಂದ ಕಾವಲುಗಾರನಾದ. ಅವನ ನಂತರ ಇಪ್ಪತ್ತನೆಯ ವಯಸ್ಸಿಗೆ ಬೀಗದ ಕೈ ಖಂಡೆಪ್ಪನಿಗೆ ಬಂತು. ಕುರಿ ಕಾಯುವ ಮನೆತನದ ಹುಡುಗ ಕಪ್ಪು-ಬಸಿಯಲ್ಲಿ ಚಹಾ ಕೊಡುವುದನ್ನು ಕಲಿತ. “ವೆಲ್ಕಮ್ ಸಾರ್” ಅನ್ನುವುದನ್ನು ಕಲಿತ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯನ್ನು ಸಾವಿತ್ರವ್ವ ಮಾಡುತ್ತಿದ್ದಳು. ಹೊಗಳಿಕೆಯನ್ನು ಖಂಡೆಪ್ಪ ಸ್ವೀಕರಿಸುತ್ತಿದ್ದ. ಬಂದವರು ಅಭಿಪ್ರಾಯ ಬರೆಯುವ ದಪ್ಪ ಪುಸ್ತಕದಲ್ಲಿ ಯಾರೋ ಒಬ್ಬ ದೊಡ್ಡ ಅಧಿಕಾರಿ ಬರೆದಿದ್ದರು: “ಚಹಾ ಚೆನ್ನಾಗಿತ್ತು. ನೋಟ ಚೆನ್ನಾಗಿತ್ತು. ಹಿಮ ಇರಲಿಲ್ಲ.” ಖಂಡೆಪ್ಪ ಮೊದಲಿನ ಎರಡು ವಾಕ್ಯಗಳನ್ನಷ್ಟೇ ಊರಿಗೆಲ್ಲ ಓದಿ ಹೇಳಿದ್ದ.

ಬೆಲ್ಲದ ಬಾಗೇವಾಡಿಯ ಸಂತೆಗೆ ಹೋದರೂ ಅವನು ಸಂತೆಗೆ ಹೋದವನ ಹಾಗೆ ಹೋಗುತ್ತಿರಲಿಲ್ಲ. ತಪಾಸಣೆಗೆ ಹೋದವನ ಹಾಗೆ ಹೋಗುತ್ತಿದ್ದ. ಬದನೆಕಾಯಿ ಕೈಗೆತ್ತಿಕೊಂಡು, “ನಮ್ಮ ಬಂಗ್ಲಾಕ್ಕ ಇಂಥಾದ್ದು ನಡೆಯೂದಿಲ್ಲ” ಎಂದು ಕೆಳಗಿಡುತ್ತಿದ್ದ.

ಆಮೇಲೆ ರಸ್ತೆ ಸುಧಾರಿಸಿತು. ಸಾಹೇಬರಿಗೆಲ್ಲ ಕಾರುಗಳು ಬಂದವು. ಮುಂಜಾನೆ ಬಂದವರು ಮಧ್ಯಾಹ್ನಕ್ಕೆ ಗೋಕಾಕಕ್ಕೋ ಬೆಳಗಾವಿಗೋ ಹೋಗಿ ಊಟ ಮಾಡತೊಡಗಿದರು. ಗುಡ್ಡ ಹತ್ತುವವರು ಕಡಿಮೆಯಾಗಿ, ಕೊನೆಗೆ ಇಲ್ಲವಾದರು. ಬಂಗಲೆಗೆ ಬೀಗ ಹಾಕಿ, ಮುಂದಿನ ಆದೇಶದವರೆಗೆ ನೋಡಿಕೊಂಡಿರತಕ್ಕದ್ದು ಎಂದು ಖಂಡೆಪ್ಪನಿಗೆ ಕಾಗದ ಕೊಟ್ಟರು. ಮುಂದಿನ ಆದೇಶ ಹನ್ನೊಂದು ವರ್ಷ ಬರಲಿಲ್ಲ. ಖಂಡೆಪ್ಪ ಹನ್ನೊಂದು ವರ್ಷ ನೋಡಿಕೊಂಡಿದ್ದ.

ತೊಂದರೆ ಶುರುವಾದದ್ದು ಕುರಿಗಳಿಂದ. ಬಂಗಲೆ ಮುಚ್ಚಿದ ಮೇಲೆ ಅವನು ಮೂವತ್ತೆರಡು ಕುರಿ ಸಾಕಿಕೊಂಡಿದ್ದ. ಈ ಭಾಗದ ಮುಂಗಾರು ಸುರಿದು ಹೋಗುವಂಥದ್ದಲ್ಲ, ಬೀಗರ ಹಾಗೆ ಬಂದು ಕೂಡುವಂಥದ್ದು. ಜಿಟಿಜಿಟಿ ಮಳೆ, ಮೇಲೆ ತಣ್ಣನೆ ಗಾಳಿ, ಕಾಲಡಿ ಕೆಸರು. ಕುರಿಗೆ ಇದು ಆಗದು. ಹಾಗಾಗಿ ಗುಡ್ಡದ ಕುರುಬರೆಲ್ಲ ಮಳೆ ಹಿಡಿಯುವ ಮೊದಲೇ ಕುರಿ ಹೊಡೆದುಕೊಂಡು, ಮೂಡಲಗಿ ದಾಟಿ, ಆಚೆಯ ಒಣ ಸೀಮೆಗೆ ಹೋಗಿಬಿಡುತ್ತಾರೆ. ಖಂಡೆಪ್ಪ ಹೋಗುವಂತಿರಲಿಲ್ಲ. ಉಡದಾರದಲ್ಲಿ ಬೀಗದ ಕೈ ಇತ್ತು. ಮೊದಲನೆಯ ಮಳೆಗಾಲದಲ್ಲಿ ಏಳು ಮರಿಗಳು ನೆನೆದು ಸತ್ತವು. ಎರಡನೆಯ ಮಳೆಗಾಲದಲ್ಲಿ ಮೊದಲ ಮರಿ ಹುಟ್ಟಿದ ಸಂಜೆ ಸಾವಿತ್ರವ್ವ ಅದನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದು ಬಂಗಲೆಯ ಮೆಟ್ಟಿಲ ಮೇಲೆ ಕೂತಳು.

“ಬಂಗ್ಲಾದ ಸಾಹೇಬ್ರ, ಬೀಗ ತಗೀರಿ.”

“ಹುಚ್ಚ ಹಿಡದೈತೇನ ನಿನಗ? ಇದು ಸರಕಾರದ್ದು.”

“ಒಳಗ ಯಾರ ಅದಾರ?”

“ಯಾರೂ ಇಲ್ಲ.”

“ಹೊರಗ ಯಾರ ಅದಾರ?”

ಖಂಡೆಪ್ಪ ಕಂಬಳಿಯೊಳಗಿನ ಮರಿಯ ಮೂಗು ನೋಡಿದ. ಅದು ನಡುಗುತ್ತಿತ್ತು.

“ಬಾಗಲ ಬಾಜೂದ ಖೋಲಿ ಅಷ್ಟ,” ಎಂದ. “ನಡಮನಿಗೆ ಕಾಲಿಡಂಗಿಲ್ಲ.”

ಎಂಟು ದಿನಗಳಲ್ಲಿ ನಡುಮನೆಯೂ ಆಯಿತು, ಏಕೆಂದರೆ ಒಲೆ ಇದ್ದದ್ದು ಅಲ್ಲಿ. ಹಿಮಾಲಯದ ಜಾರುಗಾರರಿಗಾಗಿ ಕಟ್ಟಿದ ಒಲೆಯ ಮುಂದೆ ಹುಕ್ಕೇರಿ ತಾಲ್ಲೂಕಿನ ಕುರಿಮರಿಗಳು ಮೈ ಕಾಯಿಸಿಕೊಂಡವು. ಜಾರುಪಟ್ಟಿಯ ಗೂಟಗಳ ಮೇಲೆ ಕಂಬಳಿಗಳು ಒಣಗಿದವು. ಟೊಪ್ಪಿಗೆಯ ಸಾಹೇಬರ ಆತ್ಮ ಎಲ್ಲಿದ್ದರೂ, ಕೊನೆಗೂ ಆ ಖೋಲಿ ಉಪಯೋಗಕ್ಕೆ ಬಂತಲ್ಲ ಎಂದುಕೊಂಡಿರಬೇಕು.

ಒಂದೇ ಒಂದು ಕೊರತೆ. ಚಿಮಣಿಯ ಬಾಯಲ್ಲಿ ಗೂಬೆ ಗೂಡು ಕಟ್ಟಿತ್ತು. ಗೂಬೆಯನ್ನು ಎಬ್ಬಿಸಬಾರದೆಂದು ಸಾವಿತ್ರವ್ವ ಹಟ ಹಿಡಿದಳು. ಮೇಲೆ ದಾರಿ ಸಿಗದ ಹೊಗೆ ಚಿಮಣಿಯ ನಡುವಿನ ಬಿರುಕಿನಿಂದ ಅಟ್ಟಕ್ಕೆ ನುಗ್ಗಿ, ಅಲ್ಲೆಲ್ಲ ಸುತ್ತಾಡಿ, ಹೆಂಚಿನ ಸಂದಿಗಳಿಂದ ನಿಧಾನಕ್ಕೆ ಹೊರಗೆ ಬರುತ್ತಿತ್ತು. ದೂರದಿಂದ ನೋಡಿದರೆ ಇಡೀ ಮಾಡಿನಿಂದ ಆವಿ ಏಳುತ್ತಿತ್ತು. “ಬಂಗ್ಲಾ ಕುದ್ಯಾಕತ್ತೈತಿ ನೋಡ್ರಿ,” ಎಂದು ಕೆಳಗಿನ ಊರವರು ನಗುತ್ತಿದ್ದರು. ಹತ್ತು ಮಳೆಗಾಲ ಬಂಗಲೆ ಹೀಗೆ ಕುದಿಯಿತು. ಒಂದು ಮರಿಯೂ ಸಾಯಲಿಲ್ಲ.

ಹನ್ನೊಂದನೆಯ ವರ್ಷ, ಮಳೆಗಾಲ ಮುಗಿದ ಮೇಲೆ, ಒಂದು ಸೋಮವಾರ ಕಚೇರಿಯಿಂದ ಫೋನು ಬಂತು. ಗೋಕಾಕದ ಜಲಪಾತಕ್ಕೆ ಬರುವ ಪ್ರವಾಸಿಗಳು ಹಿಡಕಲ್ಲಿಗೂ ಬರತೊಡಗಿದ್ದಾರೆ. ಬಂಗಲೆಯನ್ನು ದುರಸ್ತಿ ಮಾಡಿ ಅವರಿಗೆ ವಸತಿಗೃಹ ಮಾಡುವುದೋ, ಅಥವಾ ಕೆಡವಿ ಹಾಕುವುದೋ ನಿರ್ಧರಿಸಲು ಶುಕ್ರವಾರ ಎಂಜಿನಿಯರ್ ಲಕ್ಷ್ಮಣ ಸಾಹೇಬರು ಬರುತ್ತಾರೆ.

ಖಂಡೆಪ್ಪ ಫೋನು ಕೆಳಗಿಟ್ಟು, ಸೊಂಟ ಮುಟ್ಟಿ ನೋಡಿಕೊಂಡ. ಬಂಗಲೆ ಹೋದರೆ ಬೀಗದ ಕೈ ಹೋಯಿತು. ಬೀಗದ ಕೈ ಹೋದರೆ ಅವನು ಬಂಗಲೆಯ ಖಂಡೆಪ್ಪ ಅಲ್ಲ, ಬರೀ ಖಂಡೆಪ್ಪ. ಮರಿಗಳಿಗೆ ಮಳೆಗಾಲದಲ್ಲಿ ಜಾಗವೂ ಇಲ್ಲ. ಇನ್ನೊಂದು ಕಡೆ, ಸರಕಾರಿ ಬಂಗಲೆಯಲ್ಲಿ ಕುರಿ ಕಟ್ಟಿದ ಸುದ್ದಿ ತಿಳಿದರೆ ಬಂಗಲೆ ಉಳಿದರೂ ಅವನು ಉಳಿಯುವುದಿಲ್ಲ.

ಮಂಗಳವಾರ ಕುರಿಗಳು ಗುಡ್ಡದ ಹಿಂದಿನ ಮುಳ್ಳುಬೇಲಿಯೊಳಗೆ ಹೋದವು. ಬುಧವಾರ ಬೆಲ್ಲದ ಬಾಗೇವಾಡಿಯಿಂದ ಸುಣ್ಣ ಬಂತು. ಒಲೆ, ಒಲೆಯ ಗೋಡೆ, ನಡುಮನೆ, ಖೋಲಿ, ಎಲ್ಲಕ್ಕೂ ಒಂದು ಸಲ ಬಳಿದ. ಹೊಗೆಯ ಕರಿ ಮತ್ತೆ ಇಣುಕಿತು. ಎರಡನೇ ಸಲ ಬಳಿದ. ಗುರುವಾರ ಐದನೆಯ ಸಲ ಬಳಿದ ಮೇಲೆ ಒಲೆ ಹಾಲಿನ ಪಾತ್ರೆಯ ಹಾಗೆ ಹೊಳೆಯಿತು. ಕುರಿಯ ವಾಸನೆಗೆ ಲೋಬಾನದ ಧೂಪ ಹಾಕಿದ. ಸಾಲದೆಂದು ಇನ್ನಷ್ಟು ಹಾಕಿದ.

“ಇಷ್ಟ್ಯಾಕ ಬಳಿಯಾಕತ್ತೀರಿ?” ಸಾವಿತ್ರವ್ವ ಮೂಗಿಗೆ ಸೆರಗು ಹಿಡಿದು ಕೇಳಿದಳು. “ಸಾಹೇಬ್ರು ಹೆಣ್ಣ ನೋಡಾಕ ಬರತಾರೇನು?”

“ನಿನಗ ತಿಳಿಯೂದಿಲ್ಲ. ಹನ್ನೊಂದ ವರ್ಷ ಯಾರೂ ಮುಟ್ಟಿಲ್ಲ ಅನ್ನೂಹಂಗ ಕಾಣಬೇಕು.”

ಶುಕ್ರವಾರ ಹತ್ತು ಗಂಟೆಗೆ ಜೀಪು ಬಂತು. ಹೊಸ ಬಿಳಿ ರುಮಾಲು ಸುತ್ತಿದ್ದ ಖಂಡೆಪ್ಪ ಹನ್ನೊಂದು ವರ್ಷ ಬಾಯಲ್ಲೇ ಇಟ್ಟುಕೊಂಡಿದ್ದ ಮಾತನ್ನು ಹೊರಗೆ ಬಿಟ್ಟ. “ವೆಲ್ಕಮ್ ಸಾರ್!”

ಮೊದಲು ಇಳಿದದ್ದು ಒಂದು ಕೋಲು, ಅದರ ಹಿಂದೆ ಲಕ್ಷ್ಮಣ ಸಾಹೇಬರು. ಕೋಲಿನ ತುದಿಗೆ ಉಕ್ಕಿನ ಗುಂಡು. ಅದರಿಂದ ಗೋಡೆಗೆ ಬಡಿದು, ತಲೆ ಓರೆ ಮಾಡಿ, ಕಣ್ಣು ಮುಚ್ಚಿ ಸಾಹೇಬರು ಕಟ್ಟಡದ ಆಯುಸ್ಸು ಹೇಳುತ್ತಿದ್ದರು. ಒಮ್ಮೆ ಹೇಳಿದರೆ ಕಟ್ಟಡ ಅದನ್ನು ಮೀರಿ ಬದುಕಿದ ಉದಾಹರಣೆ ಇಲ್ಲ, ಏಕೆಂದರೆ ಕೂಡಲೇ ಕೆಡವುತ್ತಿದ್ದರು. ಅವರ ಹಿಂದೆ ಬೆಳಗಾವಿಯ ವಾಸ್ತುಶಿಲ್ಪಿ ಮಯೂರಿ ಇಳಿದಳು. ಮೂವತ್ತರ ಹುಡುಗಿ, ಹೆಗಲಿಗೆ ಚೀಲ, ಕೈಯಲ್ಲಿ ಟಾರ್ಚು. ಕಡಿದಾದ ಮಾಡನ್ನು ಕಂಡವಳೇ, “ಅಯ್ಯ, ಇದು ಹಿಮದ ಮನಿ!” ಎಂದು ನಕ್ಕಳು. ಖಂಡೆಪ್ಪನಿಗೆ ಅವಳು ಆಗಲೇ ಸೇರಿದಳು.

ಒಳಗೆ ಬಂದು ಸಾಹೇಬರು ಮೂರು ಸಲ ಸೀನಿದರು.

“ಏನಪಾ ಖಂಡೆಪ್ಪ, ದರ್ಗಾಕ್ಕ ಬಂದಂಗ ಆತಲ್ಲ.”

“ಸ್ವಚ್ಛ ಇಟ್ಟೇನ್ರಿ ಸಾಹೇಬ್ರ.”

ಮಯೂರಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. “ಕಾಕಾ, ಇದರಾಗ ಬೆಂಕಿ ಹಚ್ಚತಿದ್ರೇನ್ರಿ? ಮುಚ್ಚಿದ ಮ್ಯಾಲ?”

“ಒಂದ ಕಡ್ಡಿ ಕೊರದಿಲ್ಲವ್ವ!”

“ಮಂದಿ ಬಂದು ಇರತಿದ್ರೇನು?”

“ಮಂದಿ? ನೊಣ ಸುದ್ದಾ ಬಿಟ್ಟಿಲ್ಲ.”

“ಕಿಟಕಿನರ ಆಗಾಗ ತಗೀತಿದ್ರಿಲ್ಲೋ?”

“ಗಾಳಿ ಯಾರ ಅಂತ ಈ ಮನಿಗೆ ಗೊತ್ತ ಇಲ್ಲ!” ಖಂಡೆಪ್ಪ ಎದೆ ಮುಂದೆ ಮಾಡಿದ.

ಪ್ರತಿ ಉತ್ತರಕ್ಕೂ ಮಯೂರಿಯ ಮುಖ ಒಂದೊಂದು ಮೆಟ್ಟಿಲು ಕೆಳಗಿಳಿಯಿತು. ಸಾಹೇಬರ ಮುಖ ಒಂದೊಂದು ಮೆಟ್ಟಿಲು ಮೇಲೇರಿತು.

“ಕೇಳಿದ್ರೇನು ಮೇಡಂ?” ಸಾಹೇಬರು ಚಾವಣಿಯ ಹಲಗೆಗೆ ಕೋಲು ತೋರಿಸಿದರು. “ಹನ್ನೊಂದು ಮಳಿಗಾಲ. ಬೆಂಕಿ ಇಲ್ಲ, ಗಾಳಿ ಇಲ್ಲ, ಮನಶ್ಯಾ ಇಲ್ಲ. ಮ್ಯಾಲ ತೊಲಿ ಎಲ್ಲಾ ಗೆದ್ದಲ ತಿಂದು ಹಿಟ್ಟ ಆಗಿರತಾವ. ಏರಿ ನೋಡೂದ ಬ್ಯಾಡ, ನನ್ನ ಇಪ್ಪತ್ತಾರ ವರ್ಷದ ಅನುಭವ ಹೇಳತೈತಿ. ಇಂಥಾ ಮಾಡಿನ ಕೆಳಗ ಪ್ರವಾಸಿಗಳನ್ನ ಮಲಗಿಸಾಕ ಬರೂದಿಲ್ಲ. ಕೆಡವೂದ.”

ಮಯೂರಿ ಮೆಲ್ಲಗೆ ಹೇಳಿದಳು. “ಖರೆ ಐತ್ರಿ ಕಾಕಾ. ಒಲಿ ಉರಿದಿದ್ರ ಏನರ ಆಸೆ ಇರತಿತ್ತು. ಹೊಗಿ ಹಿಡಿದ ಕಟಿಗಿ ಗೆದ್ದಲ ಮುಟ್ಟೂದಿಲ್ಲ. ಆದ್ರ ಇದು ನೋಡ್ರಿ, ಎಷ್ಟ ಬೆಳ್ಳಗೈತಿ.”

ಖಂಡೆಪ್ಪ ಒಲೆಯನ್ನು ನೋಡಿದ. ಐದು ಸಲ ಬಳಿದ ಒಲೆ ಅವನನ್ನೇ ನೋಡಿ ಬೆಳ್ಳಗೆ ನಕ್ಕಂತಿತ್ತು. ಬಂಗಲೆಯನ್ನು ಉಳಿಸಲು ಬಳಿದ ಸುಣ್ಣ ಬಂಗಲೆಯ ಕುತ್ತಿಗೆಗೇ ಬಂದಿತ್ತು. ಸಾಹೇಬರು ಆಗಲೇ ಫೈಲು ಬಿಚ್ಚಿ ಪೆನ್ನಿನ ಟೊಪ್ಪಿಗೆ ತೆಗೆದಿದ್ದರು. ಸುಮ್ಮನಿದ್ದರೆ ಬಂಗಲೆ ಹೋಗುತ್ತದೆ, ಬಾಯಿ ಬಿಟ್ಟರೆ ತಾನು ಹೋಗಬೇಕಾಗುತ್ತದೆ. ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಸಾವಿತ್ರವ್ವನ ಕಡೆ ನೋಡಿದ. ಅವಳು ಏನೂ ಹೇಳಲಿಲ್ಲ. ಮೂವತ್ತಾರು ವರ್ಷದ ಸಂಸಾರದಲ್ಲಿ ಅವಳು ಏನೂ ಹೇಳದೆ ಇದ್ದದ್ದು ಅದೇ ಮೊದಲು, ಹಾಗಾಗಿ ಅವನಿಗೆ ಪೂರ್ತಿ ಕೇಳಿಸಿತು.

ಖಂಡೆಪ್ಪ ತಲೆಯ ಹೊಸ ರುಮಾಲು ಬಿಚ್ಚಿದ. ತಟ್ಟೆಯ ಮೇಲಿನ ನೀರಿನ ತಂಬಿಗೆಯಲ್ಲಿ ಅದರ ತುದಿ ಅದ್ದಿದ. ಒಲೆಯ ಮುಂದೆ ಮಂಡಿಯೂರಿ ಗೋಡೆ ತಿಕ್ಕತೊಡಗಿದ. ಒಂದು ಪದರ ಹೋಯಿತು, ಇನ್ನೊಂದು ಹೋಯಿತು. ಸಾಹೇಬರು ಪೆನ್ನು ಹಿಡಿದುಕೊಂಡೇ ನೋಡಿದರು. ಐದನೆಯ ಪದರದ ಕೆಳಗೆ ಕಾಡಿಗೆಯಂಥ ಕರಿ ಕಂಡಿತು. ಖಂಡೆಪ್ಪ ಕರಿಯಾದ ರುಮಾಲನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿದ.

“ಸಾಹೇಬ್ರ, ನಾ ಹೇಳಿದ್ದೆಲ್ಲಾ ಸುಳ್ಳರಿ. ಹತ್ತ ಮಳಿಗಾಲ ಈ ಒಲಿ ಆರಿಲ್ಲ. ಮೂವತ್ತೆರಡ ಕುರಿ ಇದ್ವು ಒಳಗ. ಮರಿ ಎಣಸಿಲ್ಲ.”

ಸಾಹೇಬರು ಮತ್ತೊಮ್ಮೆ ಸೀನಿದರು.

“ಸರಕಾರಿ ಬಂಗ್ಲಾದಾಗ ಕುರಿ?”

“ಹೌದ್ರಿ.”

“ಎಲ್ಲಿ?”

“ನೀವ ನಿಂತಲ್ಲೇರಿ.”

ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು. ಮಯೂರಿ ಸರಿಯಲಿಲ್ಲ. “ಹೊಗಿ ಎಲ್ಲಿ ಹೋಗತಿತ್ತು, ಕಾಕಾ? ಚಿಮಣಿಯಿಂದ ಮ್ಯಾಲ?” ಎಂದು ಕೇಳಿದಳು.

“ಮ್ಯಾಲ ಗೂಬಿ ಮನಿ ಮಾಡೇತಿರಿ. ಹೊಗಿ ಅಟ್ಟಕ್ಕ ಹೋಗತಿತ್ತು. ಅದೊಂದ ಕೊರತಿ ಆತ್ರಿ, ತಪ್ಪಾತು.”

ಅವನು ತಪ್ಪೊಪ್ಪಿಗೆಯ ಉಳಿದ ಭಾಗ ಹೇಳುವ ಹೊತ್ತಿಗೆ ಅವಳು ಏಣಿ ಹುಡುಕಿ ಅರ್ಧ ಏರಿಯಾಗಿತ್ತು. ಟಾರ್ಚಿನ ಹಿಡಿಯಿಂದ ತೊಲೆ ಬಡಿದ ಸದ್ದು ಮೇಲಿನಿಂದ ಕೇಳಿತು. ಟಣ್. ಇನ್ನೊಂದು ಕಡೆಯಿಂದ, ಟಣ್. ಗುಡಿಯ ಗಂಟೆಯೂ ಅಷ್ಟು ಚೆನ್ನಾಗಿ ಕೇಳಿಸಿದ್ದಿಲ್ಲ ಖಂಡೆಪ್ಪನಿಗೆ.

“ಸಾರ್, ಬರ್ರಿ ಮ್ಯಾಲ! ಒಂದ ತೊಲಿಗೂ ಹುಳ ಇಲ್ಲ. ಕರಿ ಕಬ್ಬಣ ಆಗ್ಯಾವ!”

ಲಕ್ಷ್ಮಣ ಸಾಹೇಬರು ಏಣಿ ಏರುವವರ ಪೈಕಿ ಅಲ್ಲ. ಆದರೆ ಒಬ್ಬ ಹುಡುಗಿ ಮೇಲೆ ನಿಂತು ಕಟ್ಟಡದ ಆಯುಸ್ಸು ಹೇಳುತ್ತಿರುವಾಗ ಕೆಳಗೆ ಕೋಲು ಹಿಡಿದು ನಿಲ್ಲುವುದು ಇಪ್ಪತ್ತಾರು ವರ್ಷದ ಅನುಭವಕ್ಕೆ ಒಪ್ಪುವುದಿಲ್ಲ. ಏಣಿಯನ್ನು ಖಂಡೆಪ್ಪ ಹಿಡಿದ, ಖಂಡೆಪ್ಪನನ್ನು ಸಾವಿತ್ರವ್ವ ಹಿಡಿದಳು, ಸಾಹೇಬರು ಏರಿದರು. ಮೇಲೆ ಬಹಳ ಹೊತ್ತು ಟಣ್ ಟಣ್ ಎಂದಿತು. ಇಳಿದು ಬಂದಾಗ ಅವರ ಹಣೆಗೆ ಅಡ್ಡಲಾಗಿ ಮೂರು ಬೆರಳು ಅಗಲದ ಮಸಿ ಮೆತ್ತಿತ್ತು. ಅದೇ ಮುಖದಲ್ಲಿ ಗಂಭೀರವಾಗಿ ಕೂತು, ಚಹಾ ಕುಡಿಯುತ್ತ, ವರದಿ ಬರೆಯತೊಡಗಿದರು. ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.

“ಮೇಡಂ,” ಎಂದರು ಕೊನೆಗೆ, “ನನಗ ಮೊದಲ ಸಂಶೆ ಇತ್ತು. ಹೊರಗಿಂದ ಕಂಡ ಕೂಡಲೇ ಅನಿಸಿತ್ತು, ತೊಲಿ ಗಟ್ಟಿ ಇರಬೇಕು ಅಂತ.”

“ಹೌದ್ರಿ ಸಾರ್,” ಎಂದಳು ಮಯೂರಿ. ನಗದೆ ಹೇಳಿದ್ದು ಅವಳ ದೊಡ್ಡತನ.

“ಕುರಿ ಅಂತ ಬರಿಯಾಕ ಬರೂದಿಲ್ಲ. ಏನ ಬರಿಯೂಣು?” ಅವರು ಮೇಲೆ ನೋಡಿ, ಪದ ಸಿಕ್ಕ ಸಂತೋಷಕ್ಕೆ ಬರೆಯುತ್ತಲೇ ಗಟ್ಟಿಯಾಗಿ ಓದಿದರು. “ಸ್ಥಳೀಯ ಸಿಬ್ಬಂದಿಯು ಪಾರಂಪರಿಕ ಧೂಮೋಪಚಾರದ ಮೂಲಕ ಮಾಡನ್ನು ಸಂರಕ್ಷಿಸಿರುತ್ತಾರೆ. ಕಟ್ಟಡವು ದುರಸ್ತಿಗೆ ಯೋಗ್ಯವಾಗಿದೆ.”

ಖಂಡೆಪ್ಪನಿಗೆ ಧೂಮೋಪಚಾರ ಗೊತ್ತಾಗಲಿಲ್ಲ, ಸಿಬ್ಬಂದಿ ಗೊತ್ತಾಯಿತು. ಬಿಚ್ಚಿದ್ದ ರುಮಾಲನ್ನು, ಕರಿಯಾಗಿದ್ದನ್ನೂ ಮರೆತು, ಮತ್ತೆ ತಲೆಗೆ ಸುತ್ತಿಕೊಂಡ. ಸಾಹೇಬರು ಜೀಪು ಹತ್ತುವಾಗ ಸಾವಿತ್ರವ್ವ ತಡೆಯಲಾರದೆ ಹೇಳಿಬಿಟ್ಟಳು.

“ಸಾಹೇಬ್ರ, ಹಣಿಗಿ ಬಂಗ್ಲಾದ ವಿಭೂತಿ ಹತ್ತೈತ್ರಿ. ಒರಸಿಕೋರಿ.”

ಸಾಹೇಬರು ಜೀಪಿನ ಕನ್ನಡಿಯಲ್ಲಿ ನೋಡಿಕೊಂಡರು. ಆಶ್ಚರ್ಯವೆಂದರೆ, ನಕ್ಕರು. “ಇರಲಿ ಬಿಡವ್ವ. ನಮ್ಮ ಅಜ್ಜಿ ಮನ್ಯಾಗೂ ಅಟ್ಟ ಹಿಂಗ ಇತ್ತು,” ಎಂದರು.

ಆದರೂ ಕಚೇರಿಯ ಶಿಸ್ತೆಂಬುದು ಇರುತ್ತದಲ್ಲ. ಹದಿನೈದು ದಿನಗಳ ನಂತರ ಲಕ್ಷ್ಮಣ ಸಾಹೇಬರದೇ ಸಹಿ ಇದ್ದ ಮೆಮೊ ಒಂದು ಖಂಡೆಪ್ಪನಿಗೆ ಬಂತು. ಸರಕಾರಿ ಕಟ್ಟಡದಲ್ಲಿ ಅನುಮತಿ ಇಲ್ಲದೆ ಕುರಿಗಳನ್ನು ಇಟ್ಟಿದ್ದೇಕೆ, ಮೂರು ದಿನಗಳಲ್ಲಿ ವಿವರಣೆ ಕೊಡತಕ್ಕದ್ದು. ಖಂಡೆಪ್ಪ ಗಾಬರಿಯಾಗಿ ಉತ್ತರ ಬರೆಸಿದ: “ಹೊರಗೆ ಮಳೆ ಇತ್ತು.” ಅದಕ್ಕೆ ಮರುಪ್ರಶ್ನೆ ಬರಲಿಲ್ಲ. ಗಾಬರಿ ಇಳಿದ ಮೇಲೆ ಅವನು ಗಮನಿಸಿದ: ನೌಕರಿಯಲ್ಲಿ ಇಷ್ಟು ವರ್ಷಕ್ಕೆ ತನ್ನ ಪೂರ್ತಿ ಹೆಸರು ತಪ್ಪಿಲ್ಲದೆ ಅಚ್ಚಾಗಿ ಬಂದ ಮೊದಲ ಕಾಗದ ಅದು. ಘಟಪ್ರಭಾಕ್ಕೆ ಹೋಗಿ ಅದಕ್ಕೆ ಗಾಜಿನ ಕಟ್ಟು ಹಾಕಿಸಿಕೊಂಡು ಬಂದ. ಈಗ ಅದು ನಡುಮನೆಯ ಗೋಡೆಯ ಮೇಲಿದೆ. ಪ್ರವಾಸಿಗಳು ಅದನ್ನು ಪ್ರಶಸ್ತಿಪತ್ರವೆಂದುಕೊಂಡು ಫೋಟೊ ತೆಗೆದುಕೊಳ್ಳುತ್ತಾರೆ. ಅವನು ತಿದ್ದುವುದಿಲ್ಲ.

ಬರ್ಫ್ ಬಂಗಲೆ ತೆರೆದು ಈಗ ಎರಡು ವರ್ಷ. ಮಯೂರಿ ಗೋಡೆಯೊಲೆಯ ಸುಣ್ಣವನ್ನೆಲ್ಲ ಕೆರೆಯಿಸಿ ಹಳೆಯ ಕರಿಯನ್ನೇ ಉಳಿಸಿದ್ದಾಳೆ. ಡಿಸೆಂಬರಿನ ಸಂಜೆ ಜನ ಅದರ ಮುಂದೆ ಕಂಬಳಿ ಹೊದ್ದು ಕೂತು, ಸಾವಿತ್ರವ್ವನ ರೊಟ್ಟಿ ತಿಂದು, ಹೊರಗೆ ಹಿಮ ಬೀಳುತ್ತಿದೆ ಎಂದು ಅಂದುಕೊಳ್ಳುತ್ತಾರೆ. ಹಾಗೆ ಅಂದುಕೊಳ್ಳಲು ಸಹಾಯವಾಗಲೆಂದು ಖಂಡೆಪ್ಪ ಕಿಟಕಿ ಮುಚ್ಚುತ್ತಾನೆ. ಮಳೆಗಾಲದ ಎರಡು ತಿಂಗಳು ಹೇಗೂ ಯಾರೂ ಬರುವುದಿಲ್ಲವೆಂದು ಬಾಗಿಲ ಪಕ್ಕದ ಖೋಲಿಯನ್ನು ಮರಿಗಳಿಗೆ ಬಿಟ್ಟುಕೊಡುವ ಏರ್ಪಾಡಾಯಿತು. ಈಗ ಮರಿ ನೋಡಲೆಂದೇ ಮಳೆಗಾಲದಲ್ಲಿ ಜನ ಬರತೊಡಗಿದ್ದಾರೆ. ಅದರಿಂದ ಕುರಿಗಳಿಗೆ ಸ್ವಲ್ಪ ಜಂಬ ಬಂದಿದೆ ಎಂದು ಸಾವಿತ್ರವ್ವನ ದೂರು.

ಒಂದು ಚಿಂತೆ ಮಾತ್ರ ಇತ್ತು. ದುರಸ್ತಿಯಲ್ಲಿ ಚಿಮಣಿಯ ಬಿರುಕು ಮುಚ್ಚಿದರು. ಗೂಬೆ ಹೊತ್ತು ನೋಡಿ ತಾನೇ ಪಕ್ಕದ ಬೇವಿನಮರಕ್ಕೆ ಹೋಯಿತು. ಹೊಗೆ ಈಗ ನೆಟ್ಟಗೆ ಮೇಲೆ ಹೋಗುತ್ತದೆ, ಅಟ್ಟಕ್ಕೆ ಒಂದೆಳೆ ಹೊಗೆಯೂ ಇಲ್ಲ. ಖಂಡೆಪ್ಪ ತಾನೇ ಫೋನು ಮಾಡಿ, ತಡವರಿಸದೆ, ಲಕ್ಷ್ಮಣ ಸಾಹೇಬರಿಗೆ ಹೇಳಿದ. “ಸಾಹೇಬ್ರ, ತೊಲಿಗೆ ಧೂಮೋಪಚಾರ ನಿಂತೈತ್ರಿ.” ಆದೇಶ ಹನ್ನೊಂದು ವರ್ಷ ತೆಗೆದುಕೊಳ್ಳಲಿಲ್ಲ, ಹನ್ನೊಂದು ದಿನದಲ್ಲಿ ಬಂತು. ತಿಂಗಳ ಮೊದಲ ಸೋಮವಾರ ವಸತಿಗೃಹಕ್ಕೆ ರಜೆ. ಅಟ್ಟದಲ್ಲಿ ಧೂಮೋಪಚಾರ ನಡೆಯುತ್ತದೆ.

ಆ ದಿನ ಮುಂಜಾನೆ ಖಂಡೆಪ್ಪ ಬಿಳಿ ರುಮಾಲು ಸುತ್ತಿಕೊಂಡು, ಕಬ್ಬಿಣದ ಬೋಗುಣಿಯಲ್ಲಿ ಕೆಂಡ ತುಂಬಿಕೊಂಡು, ಮೇಲೆ ಹಸಿ ಬೇವಿನೆಲೆ ಹಾಕಿ ಏಣಿ ಏರುತ್ತಾನೆ. ಕೆಂಡ ಆರುವ ತನಕ ತೊಲೆಗಳ ನಡುವೆಯೇ ಕೂತಿರುತ್ತಾನೆ. ಸಾವಿತ್ರವ್ವ ಅಂಗಳದಲ್ಲಿ ಮರಿಗೆ ಸೊಪ್ಪು ತಿನ್ನಿಸುತ್ತ ಏಣಿಯ ಕಡೆ ಒಂದು ಕಣ್ಣಿಟ್ಟಿರುತ್ತಾಳೆ. ಸ್ವಲ್ಪ ಹೊತ್ತಿಗೆ ಹೆಂಚಿನ ಸಂದಿಸಂದಿಗಳಿಂದ ಹೊಗೆ ಏಳುತ್ತದೆ. ಕೆಳಗಿನ ಊರಿನಲ್ಲಿ ಯಾರೋ ಗುಡ್ಡದ ಕಡೆ ನೋಡಿ, “ಇವತ್ತ ಸೋಮವಾರ, ಬಂಗ್ಲಾ ಕುದ್ಯಾಕತ್ತೈತಿ,” ಎಂದು ಹೇಳಿ ತಮ್ಮ ಕೆಲಸಕ್ಕೆ ಹೋಗುತ್ತಾರೆ.

“ಸಿಬ್ಬಂದಿಯವರ,” ಸಾವಿತ್ರವ್ವ ಮೇಲೆ ನೋಡಿ ಕೂಗುತ್ತಾಳೆ, “ಇಳೀರಿ ಇನ್ನ. ರೊಟ್ಟಿ ಆರಾಕತ್ತಾವ.”

ಅಟ್ಟದಿಂದ ಮೊದಲು ಒಂದು ಕೆಮ್ಮು ಬರುತ್ತದೆ, ಆಮೇಲೆ ಟಣ್ ಎಂಬ ಸದ್ದು. ತೊಲೆಯನ್ನು ಒಮ್ಮೆ ಬಡಿದು ನೋಡದೆ ಖಂಡೆಪ್ಪ ಇಳಿಯುವುದಿಲ್ಲ.